ಮಗುಚಿದ ಬಟ್ಟಲು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನೀನು, ಭಾವ, ಮಗು ಎಲ್ಲರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಈ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ, ಇದು ಎಡಗೈ ಬರಹ. ಒಂದು ಸಾಲು ಮುಗಿಸುವಷ್ಟರಲ್ಲಿ ಮುಂದಿನ ಸಾಲು ಮರೆತುಹೋಗುತ್ತದೆ. ಬಲಗೈಯ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನೀನು ಕೇಳಿದ್ದಕ್ಕೆ ಬರುತ್ತೇನೆ.

"ನಿಮ್ಮ ಸೋಪು ಹಚ್ಚಿಕೊಂಡು ನಿನ್ನ ಭಾವ ಸುಟ್ಟ ಬದನೆಕಾಯಿ ಆಗಿದ್ದಾರೆ, ಅದರಲ್ಲಿ ಏನು ಹಾಕಿದಿರಿ?" ಎಂದು ಕೇಳಿದ್ದೀಯ. ಹಾಕದೆ ಬಿಟ್ಟದ್ದರಿಂದ ಆದದ್ದು ಅಕ್ಕ. ಸದ್ಯ, ಮಗುವಿಗೆ ಹಚ್ಚಲಿಲ್ಲವಲ್ಲ. ಉಳಿದದ್ದನ್ನು ಎಸೆದುಬಿಡು, ಪಾತ್ರೆ ತೊಳೆಯಲೂ ಬೇಡ.

ನೀನು ಹೋದ ಮೇಲೆ ಅಮ್ಮ ಶುರುಮಾಡಿದ ಕೆಲಸವಾದ್ದರಿಂದ ನಿನಗೆ ಇದರ ರೀತಿ ಗೊತ್ತಿಲ್ಲ. ಎಣ್ಣೆಗೆ ಕಾಸ್ಟಿಕ್ ಸೋಡದ ನೀರು ಬೆರೆಸಿ ಸಣ್ಣ ಉರಿಯಲ್ಲಿ ತಿರುವುತ್ತಾ ಬೇಯಿಸಬೇಕು. ಅದು ಅಂಟಿನಂತಾಗಿ, ಉಬ್ಬಿ, ಕೊನೆಗೆ ವ್ಯಾಸಲೀನ್ ಹಾಗೆ ಹೊಳೆಯುತ್ತದೆ. ಆಗ ಅಮ್ಮ ಒಂದು ಚೂರನ್ನು ಆರಿಸಿ ನಾಲಗೆಯ ತುದಿಗೆ ತಾಗಿಸಿ ನೋಡುತ್ತಾಳೆ. ಚುರ್ ಎಂದರೆ ಇನ್ನೂ ಬೇಯಬೇಕು. ಸುಮ್ಮನಿದ್ದರೆ ಒಲೆ ಆರಿಸಿ, ಮೊದಲೇ ಬಟ್ಟಲಲ್ಲಿ ಎತ್ತಿಟ್ಟ ಎಣ್ಣೆಯನ್ನು ಸುರಿಯಬೇಕು. ಅಷ್ಟು ಹೊತ್ತಿಗೆ ಸೋಡದ ಹಸಿವು ತೀರಿರುವುದರಿಂದ ಅದು ಈ ಕೊನೆಯ ಎಣ್ಣೆಯನ್ನು ಮುಟ್ಟುವುದಿಲ್ಲ. ಆ ಎಣ್ಣೆ ಹಾಗೇ ಉಳಿದು ಮೈಯನ್ನು ಕಾಯುತ್ತದೆ. ಅದಿಲ್ಲದ ಸೋಪು ಕೊಳೆಯ ಜೊತೆಗೆ ಚರ್ಮವನ್ನೂ ಎಳೆದುಕೊಳ್ಳುತ್ತದೆ. ಒಮ್ಮೆ ನಾನು ಸುರಿದದ್ದು ತಿಳಿಯದೆ ಅಮ್ಮ ಖಾಲಿ ಬಟ್ಟಲನ್ನು ಮತ್ತೆ ತುಂಬಿ ಸುರಿದು ಇಡೀ ಪಾಕ ಬೆಣ್ಣೆಯಾಗಿತ್ತು. ಅಂದಿನಿಂದ ನಮ್ಮಲ್ಲಿ ಒಂದು ಕಟ್ಟಳೆ. ಎಣ್ಣೆ ಸುರಿದವರು ಬಟ್ಟಲನ್ನು ಮಗುಚಿಡಬೇಕು. ಮಗುಚಿದ್ದರೆ ಕೇಳುವಂತಿಲ್ಲ, ಅಚ್ಚಿಗೆ ಹಾಕುವುದೇ.

ನಿನಗೆ ಬಂದ ಸೋಪು ಮಾಡಿದ ದಿನ ಹಿಂದಿನ ವರಾಂಡದಲ್ಲಿ ನಾನು ತಿರುವುತ್ತಿದ್ದೆ, ಅಮ್ಮ ಅಚ್ಚುಗಳಿಗೆ ಕಾಗದ ಹಾಸುತ್ತಿದ್ದಳು. ಅಣ್ಣ ಹೊತ್ತಲ್ಲದ ಹೊತ್ತಿನಲ್ಲಿ ಗ್ಯಾರೇಜಿನಿಂದ ಬಂದ. ಭಾವನ ಪ್ರೆಸ್ಸಿನಲ್ಲಿ ನನಗೆ ಪ್ರೂಫ್ ತಿದ್ದುವ ಕೆಲಸ ಸಿಕ್ಕಿದ್ದನ್ನು ನೀನು ದಿನಸಿ ಅಂಗಡಿಯವರಿಗೆ ಫೋನ್ ಮಾಡಿ ತಿಳಿಸಿದ್ದೆಯಲ್ಲ. ಪಾಪ, ಅವರು ಖುಷಿಯಲ್ಲಿ ಅಣ್ಣನನ್ನೇ ಕರೆದು, "ತಂಗಿಗೆ ಕೆಲಸ ಸಿಕ್ತಂತೆ, ಸ್ವೀಟ್ ಎಲ್ಲಪ್ಪಾ?" ಎಂದರಂತೆ.

"ಏನೇ ಮೂಗಿ, ಅಕ್ಕನ ಮನೆಗೆ ಹೊರಟಿದೀಯಂತೆ?" ಎಂದ. ನಗುತ್ತಲೇ ಕೇಳಿದ. ಆ ನಗು ನಿನಗೆ ಗೊತ್ತು. ನಿನ್ನ ಬೆನ್ನ ಮೇಲೆ ಕುರ್ಚಿ ಮುರಿದ ದಿನವೂ ಹಾಗೇ ನಗುತ್ತಿದ್ದ.

ನಾನು ತಿರುವುತ್ತಲೇ ಇದ್ದೆ. ನಿಲ್ಲಿಸಿದರೆ ತಳ ಹಿಡಿಯುತ್ತದೆ.

"ಒಬ್ಬಳು ಹೋಗಿ ಮುಖಕ್ಕೆ ಮಸಿ ಬಳಿದಳು. ಇನ್ನು ನಿಂದೊಂದು ಬಾಕಿ. ಬಾಯಿ ಬಿಡೇ."

ಮರದ ಸೌಟನ್ನು ಕಿತ್ತುಕೊಂಡು ಅದರಲ್ಲೇ ಹೊಡೆದ. ಕುದಿಯುವ ಪಾಕ ಮೆತ್ತಿದ ಸೌಟು. ಭುಜಕ್ಕೆ ಬಿದ್ದಲ್ಲಿ ಬಟ್ಟೆ ಚರ್ಮಕ್ಕೆ ಅಂಟಿತು. ಎರಡನೇ ಏಟಿಗೆ ಸೌಟು ಮುರಿಯಿತು. ಕೂದಲು ಹಿಡಿದು ಬಾಗಿಲವರೆಗೆ ಎಳೆದ. "ಇದೇ ಕೈ ಅಲ್ವಾ ಅವಳಿಗೆ ಕಾಗದ ಬರಿಯೋದು?" ಎಂದು ನನ್ನ ಬಲಗೈಯನ್ನು ಬಾಗಿಲ ಸಂದಿಗೆ ಒತ್ತಿ ಹಿಡಿದು ಕದವನ್ನು ಒದ್ದ. ಕಟಕ್ ಎಂದದ್ದು ಮರವೋ ಬೆರಳೋ ನನಗೇ ತಿಳಿಯಲಿಲ್ಲ. ಮತ್ತೊಮ್ಮೆ ಒದ್ದ. ಆಗ ತಿಳಿಯಿತು.

ನಾನು ಕೂಗಲಿಲ್ಲ. ನನಗೆ ಕೂಗು ಬರುವುದೇ ಇಲ್ಲ. ಕಾಲೇಜಿನಲ್ಲಿ ಹಾಜರಿ ಹಾಕುವಾಗ "ಪ್ರೆಸೆಂಟ್" ಎನ್ನಲೂ ಆಗದೆ, ಇದ್ದೂ ಗೈರುಹಾಜರಾಗುತ್ತಿದ್ದೆನೆಂದು ನೀನು ಎಷ್ಟು ನಗುತ್ತಿದ್ದೆ. ನಾನು ಸುಮ್ಮನಿದ್ದದ್ದೇ ಅವನ ಸಿಟ್ಟನ್ನು ನೆತ್ತಿಗೇರಿಸಿತು. ಪಾತ್ರೆಯನ್ನೇ ಎತ್ತಿ ನನ್ನ ಮೇಲೆ ಸುರಿಯಲು ಹೋದ. ಅಂಚಿಗೆ ಕೈ ಹಾಕಿದ ಕೂಡಲೇ ಪಾಕ ತುಳುಕಿ ಅವನ ಅಂಗೈ ಮೇಲೆ ಬಿತ್ತು. ಅವನು ಕೂಗಿದ ಕೂಗಿಗೆ ಸುತ್ತಲಿನ ಕಿಟಕಿಗಳೆಲ್ಲ ತೆರೆದವು.

ನಾನು ಬಚ್ಚಲಿಗೆ ಹೋಗಿ ನಲ್ಲಿಯ ಕೆಳಗೆ ಕೈ ಹಿಡಿದು ಕೂತೆ. ನೀರು ಕೆಂಪಾಗಿ, ತಿಳಿಯಾಗಿ, ಮತ್ತೆ ಕೆಂಪಾಗಿ ಹರಿಯಿತು. ತಿರುಗಿ ಬಂದಾಗ ಅಣ್ಣ ಮೆಟ್ಟಿಲ ಮೇಲೆ ಕೂತಿದ್ದ. ಅಮ್ಮ ಅವನ ಕೈಗೆ ರಟ್ಟಿನ ತುಂಡಿನಿಂದ ಗಾಳಿ ಹಾಕುತ್ತಿದ್ದಳು. ಒಲೆ ಆರಿತ್ತು. ಬಟ್ಟಲು ಮಗುಚಿತ್ತು.

"ಗಟ್ಟಿಯಾಗ್ತಿದೆ, ಅಚ್ಚಿಗೆ ಹಾಕು" ಎಂದಳು ಅಮ್ಮ. ಎಡಗೈಯಲ್ಲಿ ಹಾಕಿದೆ. ನಾಲಗೆಗೆ ತಾಗಿಸಿ ನೋಡುವುದು ಅಂದು ಯಾರಿಗೂ ನೆನಪಾಗಲಿಲ್ಲ.

ಗಿರಾಕಿಗಳಿಗೆಲ್ಲ ಹೋದದ್ದು ಆ ಸೋಪೇ. ಅಣ್ಣನಿಗೆ ತಿಳಿಯದಂತೆ ಅಮ್ಮ ನಿನಗೆ ಕಟ್ಟಿ ಕಳಿಸಿದ್ದೂ ಅದನ್ನೇ. ಮೊದಲು ವಾಪಸ್ ತಂದವನು ಬೀದಿ ಕೊನೆಯ ಕ್ಷೌರದಂಗಡಿಯವನು. "ಅಮ್ಮಾ, ಈ ಸೋಪು ಹಚ್ಚಿದ್ದಕ್ಕೆ ಗಿರಾಕಿ ನನ್ನ ಕತ್ತೀನೇ ಕಿತ್ಕೊಂಡು ನನ್ನ ಕುತ್ತಿಗೆಗೆ ಹಿಡಿದ. ಅವನಿಗೆ ಅರ್ಧ ಗಡ್ಡ ಬಾಕಿ ಇತ್ತು, ಅದಕ್ಕೇ ಬಿಟ್ಟ" ಎಂದು ನಗುತ್ತಾ ಹೇಳಿದ. ಅಣ್ಣ ಒಳಗಿನಿಂದ ಬಂದು, "ನಮ್ಮನೆ ಮಾಲಿಗೆ ಹೆಸರಿಡ್ತೀಯಾ?" ಎಂದು ಆ ಸೋಪನ್ನೇ ಅವನ ಬಾಯಿಗೆ ತುರುಕಿ ಮುಖವನ್ನು ಗೋಡೆಗೆ ಚಚ್ಚಿದ. ಮುಂದಿನ ಹಲ್ಲೊಂದು ಸೋಪಿನಲ್ಲೇ ಸಿಕ್ಕಿಕೊಂಡು ಹೊರಬಂತು. ಮರುದಿನ ಯಾರೋ ಗ್ಯಾರೇಜಿಗೆ ನುಗ್ಗಿ ಅಲ್ಲಿದ್ದ ಕಾರುಗಳ ಗಾಜನ್ನೆಲ್ಲ ಪುಡಿಪುಡಿ ಮಾಡಿದರು. ಆ ಸಿಟ್ಟನ್ನೂ ಅವನು ಮನೆಗೇ ತಂದ. ಅಮ್ಮನ ಮೇಲೆ ಅವನು ಕೈ ಮಾಡುವುದಿಲ್ಲ. ಉಳಿದವಳು ನಾನೊಬ್ಬಳೇ.

ಈಗ ವಾಪಸ್ ಬಂದದ್ದನ್ನೆಲ್ಲ ತುರಿದು, ಕರಗಿಸಿ, ಎಣ್ಣೆ ಸೇರಿಸುತ್ತಿದ್ದೇವೆ. ಆಸ್ಪತ್ರೆಯಲ್ಲಿ ಡಾಕ್ಟರು, "ಬಾಗಿಲಿಗೆ ಸಿಕ್ಕಿದ್ದಾ? ಎರಡು ಸಲ ಸಿಕ್ಕಿಸಿಕೊಂಡ್ಯಾ?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಪಟ್ಟಿ ಹಾಕಿದರು. ತೋರುಬೆರಳು ಇನ್ನು ಮಡಚುವುದಿಲ್ಲವಂತೆ. ಪ್ರೂಫ್ ತಿದ್ದಲು ಎಡಗೈ ನಡೆಯುತ್ತದೆಯೇ ಎಂದು ಭಾವನನ್ನು ಕೇಳು.

ನೀನು ಕೇಳಿದ ಇನ್ನೊಂದು ಮಾತು, ಬರುತ್ತೀಯೋ ಇಲ್ಲವೋ. ಹೋದ ವಾರದವರೆಗೂ ಇಲ್ಲ ಎಂದೇ ಬರೆಯಬೇಕೆಂದಿದ್ದೆ. ಅಣ್ಣನ ಏಟಿಗೆ ಹೆದರಿ ಅಲ್ಲ. ನಾನೂ ಹೋದರೆ ಅಮ್ಮನಿಗೆ ಯಾರು, ಆ ಭಾರದ ಪಾತ್ರೆಯನ್ನು ಒಲೆಯಿಂದ ಇಳಿಸುವವರು ಯಾರು ಎಂದು. ಅಮ್ಮ ನನ್ನ ಕಡೆಯವಳು, ಬಾಯಿಬಿಟ್ಟು ಹೇಳಲಾರಳು ಅಷ್ಟೇ, ಎಂದು ನಂಬಿದ್ದೆ. ಈಗ ಬರುತ್ತೇನೆ. ಶನಿವಾರ ಅಣ್ಣ ಗ್ಯಾರೇಜಿಗೆ ಹೋದ ಮೇಲೆ ಒಂದು ಬಸ್ಸಿದೆ. ಕ್ಷೌರದಂಗಡಿಯವನು ನಿಲ್ದಾಣದವರೆಗೆ ಜೊತೆಗೆ ಬರುತ್ತಾನೆ. ಈ ಕಾಗದವನ್ನು ಅಂಚೆಗೆ ಹಾಕುವವನೂ ಅವನೇ. "ನನ್ನ ಹಲ್ಲು ಹೋಯ್ತು, ನೀನಾದ್ರೂ ಪೂರ್ತಿಯಾಗಿ ಹೋಗು ತಂಗಿ" ಎಂದ.

ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ಎತ್ತಿದ ಕೈ ಕಂಡರೆ, ಎತ್ತಿಕೊಳ್ಳಲು ಬಂದರೆಂದು ನಗುವ ಮಗುವಾಗಿಯೇ ಅದು ಬೆಳೆಯಲಿ. ಭಾವನಿಗೆ ನಮಸ್ಕಾರ, ಅವರ ಕೆನ್ನೆಯ ಬಳಿ ಕ್ಷಮೆ ಕೇಳಿದೆನೆಂದು ಹೇಳು.

ನಿನ್ನ
ಚೋಟು

ತಾ. ಕ.: ಬಟ್ಟಲು ಮಗುಚಿದವರು ಯಾರು ಎಂದು ನೀನು ಕೇಳಿಯೇ ಕೇಳುತ್ತೀಯ. ಹೋದ ವಾರ ಸೋಪು ತುರಿಯುತ್ತಾ ಕೂತಾಗ ನಾನೂ ಕೇಳಿದೆ. "ಆವತ್ತಿನ ಎಣ್ಣೆ ಎಲ್ಲಿ ಹೋಯ್ತಮ್ಮ?"

"ಅವನ ಕೈಗೆ ಹಚ್ಚಿದೆ. ಉರಿ ಉರಿ ಅಂತಿದ್ದ ಪಾಪ. ಖಾಲಿಯಾದ ಮೇಲೆ ಅಭ್ಯಾಸಬಲ ನೋಡು, ಮಗುಚಿಟ್ಟೆ" ಎಂದಳು, ತುರಿಯುವುದನ್ನು ನಿಲ್ಲಿಸದೆ.

"ನನ್ನ ಕೈಗೆ?"

ಆಗ ಅಮ್ಮ ತಲೆ ಎತ್ತಿದಳು. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನೀನು ಏನೂ ಅನ್ನಲೇ ಇಲ್ವಲ್ಲೇ" ಎಂದಳು.

ಬಟ್ಟಲ ತುಂಬ ಎಣ್ಣೆ ಇತ್ತು, ಅಕ್ಕ. ಅವನಿಗೆ ಸುಟ್ಟದ್ದು ಒಂದು ಅಂಗೈ.