ಹೆಸರು ಬದಲಾದ ಕಪ್ಪೆ

ವನ್ಯಜೀವಿ ರಕ್ಷಣೆಯ ಹೊಣೆ ಹೊತ್ತ ಮುಖ್ಯಾಧಿಕಾರಿಗಳೇ,

ಪಂಪ್‌ಹೌಸಿನ ಹಿಂದಿರುವ, ಸದಾ ನೀರು ಸದ್ದುಮಾಡುತ್ತ ಇಳಿಯುವ ಕಲ್ಲುಗೋಡೆಗೆ ಸಿಮೆಂಟ್ ಮೆತ್ತಲು ನೀವು ಅನುಮತಿ ಕೊಟ್ಟಿದ್ದೀರಿ. ಅಲ್ಲಿರುವ ಕಪ್ಪೆ ಸಂರಕ್ಷಿತ ಪಟ್ಟಿಯಲ್ಲಿಲ್ಲ ಎಂಬುದು ನಿಮ್ಮ ಕಾರಣ. ಮಾನ್ಯರೇ, ಅದು ಪಟ್ಟಿಯಲ್ಲಿದೆ. ಹಳೆಯ ಹೆಸರಿನಲ್ಲಿದೆ.

ಹೆಬ್ಬೆರಳ ತುದಿಯಷ್ಟಿರುವ, ಈ ಗೋಡೆ ಬಿಟ್ಟರೆ ಬೇರೆಲ್ಲೂ ಕಾಣದ ಈ ಕಪ್ಪೆಯನ್ನು ವಿಜ್ಞಾನಿಗಳು ಮೊದಲು ‘ರಾನಾ ಟಾಸಿಟಾ’ ಎಂದು ಕರೆದರು. ಟಾಸಿಟಾ ಎಂದರೆ ಮೌನಿ. ನೀರಿನ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲವಾದ್ದರಿಂದ ಅದು ಹಿಂಗಾಲು ಚಾಚಿ, ಬೆರಳು ಬಿಡಿಸಿ ಸಂಗಾತಿಯನ್ನು ಕರೆಯುತ್ತದೆ. ಮುಂದೆ ಅದರ ಕುಲವೇ ಬೇರೆ ಎಂದು ತಿಳಿದು ‘ಲಿಥೋಬೇಟಸ್ ಟಾಸಿಟಸ್’ ಎಂದು ತಿದ್ದಿದರು. ಲ್ಯಾಟಿನ್ನಿನಲ್ಲಿ ಮೊದಲ ಪದ ಪುಲ್ಲಿಂಗವಾದರೆ ಎರಡನೆಯದೂ ಬಾಲ ಬದಲಿಸಬೇಕು. ಬದಲಾದದ್ದು ವ್ಯಾಕರಣ. ಕಪ್ಪೆ ಅದೇ ಗೋಡೆಯ ಮೇಲೆ ಅದೇ ಕಾಲು ಚಾಚುತ್ತಿತ್ತು.

ಇದನ್ನು ವಿವರಿಸಲು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನ್ನ ಅಕ್ಕ ನಿಮ್ಮ ಕಚೇರಿಗೆ ಬಂದಿದ್ದಳು. ಜೊತೆಗೆ ನಾನೂ ಇದ್ದೆ. ನಿಮ್ಮ ಗುಮಾಸ್ತರು ಎರಡೂ ಹೆಸರು ಓದಿ ತಲೆಯಾಡಿಸಿದರು.

“ಮೇಡಂ, ಪಟ್ಟಿಯಲ್ಲಿರೋದೇ ಬೇರೆ, ನೀವು ಹೇಳೋದೇ ಬೇರೆ.”

“ಮದುವೆ ಆದ್ಮೇಲೆ ನನ್ನ ಹೆಸರೂ ಬದಲಾಯ್ತು ಸಾರ್. ಹಾಗಂತ ನಾನು ಬೇರೆಯವಳಾದ್ನಾ?”

“ನಿಮ್ಮ ಹತ್ರ ಅಫಿಡವಿಟ್ ಇರುತ್ತೆ. ಕಪ್ಪೆ ಹತ್ರ ಇದ್ಯಾ?”

ಪಕ್ಕದ ಮೇಜಿನವರು ನಕ್ಕರು. ನನಗೂ ನಗು ಬಂತು. ಅಕ್ಕ ನಗಲಿಲ್ಲ. ಮೆಟ್ಟಿಲಿಳಿಯುವಾಗ ಹೇಳಿದಳು: “ಹೆಸರು ತಿದ್ದಿದವರಲ್ಲಿ ನಾನೂ ಒಬ್ಳು ಕಣೋ. ತಪ್ಪು ಹೆಸರಲ್ಲೇ ಬಿಟ್ಟಿದ್ರೆ ಬದುಕಿಕೊಳ್ತಿತ್ತೇನೋ.”

ಸರಿಯಾದದ್ದನ್ನು ಹೇಳಿದ್ದಕ್ಕೆ ಹೀಗೆ ಕೊರಗಬೇಕೇ? ನಿಮ್ಮ ಇಲಾಖೆಯ ಹೆಸರೂ ಈಚೆಗೆ ಬದಲಾಗಿದೆ, ಬಾಗಿಲಿಗೆ ಹೊಸ ಬೋರ್ಡು ಬಂದಿದೆ. ಹಳೆಯ ಹೆಸರಿನಲ್ಲಿ ಕೆಲಸಕ್ಕೆ ಸೇರಿದವರನ್ನು ಯಾರಾದರೂ ಗೋಡೆಗೆ ಸೇರಿಸಿ ಗಿಲಾವು ಮಾಡಿದರೇ?

ಅರ್ಧ ಗೋಡೆ ಆಗಲೇ ಬೂದುಬಣ್ಣಕ್ಕೆ ತಿರುಗಿದೆ. ಅಕ್ಕ ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದಾಳೆ. ಉಳಿದ ಒದ್ದೆ ಮೂಲೆಯ ಬುಡದಲ್ಲಿ, ಬೊಗಸೆ ನೀರಿನಲ್ಲಿ, ಗೊದಮೊಟ್ಟೆಗಳಿವೆ. ಅವಕ್ಕೆ ಕಾಲು ಮೂಡುವವರೆಗಾದರೂ ಕೆಲಸ ನಿಲ್ಲಿಸಿ. ಇಷ್ಟೇ ನನ್ನ ಬೇಡಿಕೆ.

ನೀವು ನಿಲ್ಲಿಸುವುದಿಲ್ಲವೆಂದು ಬಲ್ಲೆ. ಮುಂದೊಂದು ದಿನ ಅಳಿದುಹೋದ ಜೀವಿಗಳ ಪಟ್ಟಿ ಮಾಡುವಾಗ ನಿಮ್ಮ ಕಚೇರಿಯೇ ಎರಡೂ ಹೆಸರನ್ನು ಒಂದೇ ಸಾಲಿನಲ್ಲಿ ಬರೆಯುತ್ತದೆ. ಆಗ ಯಾರೂ ಅಫಿಡವಿಟ್ ಕೇಳುವುದಿಲ್ಲ.

ಇಂತಿ,
ಈ ಸದ್ದಿನಲ್ಲಿ ಕೂಗಿ ಪ್ರಯೋಜನವಿಲ್ಲವೆಂದು ತಿಳಿದೂ ಕೂಗಿದವನು