ಆಯಾಗಳನ್ನು ಅಕ್ಕ ಎಂದದ್ದಕ್ಕೆ

ಸುಪ್ರೀತಳ ಅಜ್ಜನಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಸತ್ತವರಿಗೆ ಎಂತ ಅಕ್ಷೇಮ? ನಾನು ಕ್ಷೇಮವಾಗಿಲ್ಲ. ಸಿಟ್ಟಿನಲ್ಲಿದ್ದೇನೆ. ಅರ್ಧ ಸಿಟ್ಟು ನಿಮ್ಮ ಮೇಲೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನ ಶಾಲೆ ನಾಲ್ಕನೆಯದಕ್ಕೇ ಮುಗಿದದ್ದು ನಿಮಗೆ ಗೊತ್ತುಂಟು, ಅಕ್ಷರ ನೋಡಿ ನಗಬೇಡಿ.

ನೀವು ಕಾಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಾಗ ಬೇರೆ ಕಂಡಕ್ಟರುಗಳು ಮೀನಿನ ಬುಟ್ಟಿಯ ಹೆಂಗಸರಿಗೆ ಬೊಬ್ಬೆ ಹೊಡೆಯುತ್ತಿದ್ದರು. ನೀವು ಮಾತ್ರ "ಅಕ್ಕ, ಸ್ವಲ್ಪ ಒಳಗೆ ಬನ್ನಿ" ಎನ್ನುತ್ತಿದ್ದಿರಿ. ರಜೆಯಲ್ಲಿ ಪುಳ್ಳಿ ಸುಪ್ರೀತಳನ್ನು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಅದನ್ನೇ ಕಲಿಸಿದಿರಿ. "ಕೆಲಸ ಮಾಡುವವರನ್ನೆಲ್ಲ ಅಕ್ಕ, ಅಣ್ಣ ಎನ್ನಬೇಕು ಮಗಾ. ನಮ್ಮ ಗಂಟು ಎಂತ ಹೋಗ್ತದೆ?" ಹೋಯಿತು ನೋಡಿ ಈಗ ಗಂಟು.

ಅವಳು ನರ್ಸ್ ಆದದ್ದನ್ನು ನೀವು ನೋಡಿದಿರಿ. ಆಮೇಲಿನದು ನೋಡಲಿಲ್ಲ. ಉಡುಪಿಯ ಆ ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ಬರೆದರೆ ಕೈ ಕಹಿಯಾಗುತ್ತದೆ. ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ರಜೆ ಹಾಕಿದರೆ ಯಾರಿಗೆ ಯಾವ ಪಾಳಿ ಎಂದು ನೋಡುವುದು ಸುಪ್ರೀತ. ರೋಗಿಯ ಮನೆಯವರು ಜಗಳಕ್ಕೆ ಬಂದರೆ ಸಮಾಧಾನ ಮಾಡುವುದು ಸುಪ್ರೀತ. ಕೊನೆಗೆ ಆ ಸಿಸ್ಟರ್ ನಿವೃತ್ತರಾದರು. ಜಾಗ ಇವಳಿಗೇ ಎಂದು ವಾರ್ಡಿನ ಗೋಡೆಗೂ ಗೊತ್ತಿತ್ತು. ಆದರೆ ಇಂಟರ್‌ವ್ಯೂ ಮಾಡಿದವರಿಗೆ...

ನಾನು ಬಂಗುಡೆ ಮೀನು ಕೊಯ್ಯುತ್ತಾ ಕೂತಿದ್ದೆ, ಬಂದು ಹೇಳಿದಳು. ನಗುತ್ತಾ ಹೇಳಿದಳು, ಆ ನಗು ನನಗೆ ಆಗಲಿಲ್ಲ.

"ನೀವು ಆಯಾಗಳನ್ನೂ ಅಕ್ಕ ಅಂತೀರಂತೆ, ಹೌದಾ ಅಂತ ಕೇಳಿದ್ರು ಅಜ್ಜಿ."

"ನೀನು ಎಂತ ಹೇಳಿದೆ?"

"ಹೌದು ಅಂದೆ. ಹಾಗಾದ್ರೆ ನಾಳೆ ಅವರನ್ನು ಹಿಡಿತದಲ್ಲಿ ಇಡುವುದು ಹೇಗೆ? ಇನ್‌ಚಾರ್ಜ್ ಅಂದ್ರೆ ಸ್ವಲ್ಪ ಗತ್ತು ಬೇಕಲ್ವಾ ಅಂದ್ರು."

ಗತ್ತು! ಅವಳು ಒಂದು ಸಲ ಅಕ್ಕ ಎಂದರೆ ಆಯಾಗಳು ಊಟ ಬಿಟ್ಟು ಎದ್ದು ಬರುತ್ತಾರೆ. ಅದನ್ನು ಹಿಡಿತ ಎನ್ನುವುದಿಲ್ಲವಾದರೆ ಮತ್ತೆ ಯಾವುದನ್ನು ಎನ್ನುತ್ತಾರೆ? ಜಾಗ ಅವಳಿಗಿಂತ ಕಿರಿಯವಳಿಗೆ ಹೋಯಿತು. ಆ ಹುಡುಗಿ ದೊಡ್ಡ ಓದು ಓದಿದ್ದಾಳೆ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ಮರುದಿನ ಮೇಲಿನ ಮೇಡಂ ಹೇಳಿದ ಮಾತಿಗೆ: "ಸುಪ್ರೀತಾ, ಅವಳು ಹೊಸಬಳು. ನೀನೇ ಸ್ವಲ್ಪ ಕಲಿಸಿ ಕೊಡು." ಅನ್ನ ಬೇಯಿಸಿದವಳಿಗೆ ಬಡಿಸುವ ಕೆಲಸವನ್ನೂ ಕೊಟ್ಟು, ಎಲೆ ಮಾತ್ರ ಬೇರೆಯವರಿಗೆ ಹಾಕಿದರು. ನಮ್ಮ ಪುಳ್ಳಿ ಕಲಿಸಿಯೂ ಕೊಟ್ಟಿತು, ಗೊತ್ತುಂಟಾ? "ರೋಗಿಗಳು ಎಂತ ತಪ್ಪು ಮಾಡಿದ್ದಾರೆ ಅಜ್ಜಿ?" ಎಂದು ನನ್ನನ್ನೇ ಕೇಳಿತು. ಇದೂ ನಿಮ್ಮದೇ ಪಾಠವಲ್ಲವಾ?

"ನಾಳೆಯಿಂದ ನೀನೂ 'ಏಯ್' ಅಂತ ಕರೆ, ಗತ್ತು ನೋಡಲಿ" ಎಂದು ನಾನು ಬೈದು ಕಳಿಸಿದೆ. ಕರೆದಳಂತೆ. ಲಲಿತ ಎನ್ನುವ ಆಯಾ ಹತ್ತಿರ ಬಂದು ಹಣೆ ಮುಟ್ಟಿ, "ಎಂತ ಸಿಸ್ಟರ್, ಜ್ವರ ಉಂಟಾ?" ಎಂದು ಕೇಳಿದಳಂತೆ. ನನಗೂ ನಗು ಬಂತು. ನಕ್ಕ ಮೇಲೆ ಸಿಟ್ಟು ಇನ್ನೂ ಜಾಸ್ತಿಯಾಯಿತು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಕಾರ್ಕಳದ ಒಂದು ಸಣ್ಣ ಆಸ್ಪತ್ರೆಯವರು ಇನ್‌ಚಾರ್ಜ್ ಬೇಕು ಎಂದಿದ್ದರು. ಇವಳು ಹೋಗಿ ಬಂದಳು, ಅವರು ಒಪ್ಪಿದರು. ಉಡುಪಿಯಲ್ಲಿ ರಾಜೀನಾಮೆ ಕೊಟ್ಟದ್ದೇ ತಡ, ಮೇಡಮ್ಮಿಗೆ ಪ್ರೀತಿ ಉಕ್ಕಿತು. "ಅವಸರ ಮಾಡಬೇಡ, ಮುಂದಿನ ಸಲ ನಿನ್ನದೇ, ಸ್ವಲ್ಪ ತಾಳು" ಎಂದರಂತೆ. ಹುಡುಗಿಯ ಮನಸ್ಸು ಅಲುಗಿತು. ಸಂಜೆ ನನ್ನ ಹತ್ತಿರ ಕೂತು, "ಅಜ್ಜ ಇದ್ದಿದ್ದರೆ ಎಂತ ಹೇಳುತ್ತಿದ್ದರು?" ಎಂದು ಕೇಳಿದಳು.

ನೀವು ಎಂತ ಹೇಳುತ್ತಿದ್ದಿರಿ ಎಂದು ನನಗೆ ಗೊತ್ತಿಲ್ಲವಾ? ತಾಳು ಮಗಾ ಎನ್ನುತ್ತಿದ್ದಿರಿ. ನಿಮ್ಮನ್ನು ಟಿಕೇಟ್ ಚೆಕ್ಕರ್ ಮಾಡುತ್ತೇನೆ, ಮಾಡುತ್ತೇನೆ ಎಂದು ಬಸ್ಸಿನ ಧಣಿಗಳು ಹೇಳುತ್ತಲೇ ಇದ್ದರು, ನೀವು ತಾಳುತ್ತಲೇ ಇದ್ದಿರಿ. ಕಂಕುಳಲ್ಲಿ ಚೀಲ ಇಟ್ಟುಕೊಂಡೇ ಮುದುಕರಾದಿರಿ.

ನಾನು ಸುಳ್ಳು ಹೇಳಿದೆ. "ಅಜ್ಜ ಹೋಗು ಎನ್ನುತ್ತಿದ್ದರು" ಎಂದೆ. ಆ ಒಂದು ಗಳಿಗೆ, ನೀವು ಇಲ್ಲದ್ದೇ ಒಳ್ಳೆಯದಾಯಿತು ಅಂತಲೂ ಅನಿಸಿತು.

ಸೋಮವಾರ ಕಾರ್ಕಳದಲ್ಲಿ ಸೇರುತ್ತಾಳೆ. ಸಿಟ್ಟು ಮಾಡುವುದಾದರೆ ನನ್ನ ಮೇಲೆ ಮಾಡಿ, ನಾನು ಅಲ್ಲಿಗೆ ಬಂದ ಮೇಲೆ ಜಗಳಾಡುವ. ಅವಳಿಗೆ ಮಾತ್ರ ನಾನು ನಿಜ ಹೇಳುವುದಿಲ್ಲ.

ನಿಮ್ಮ ಮನೆಯವಳು