ಶರಣಮ್ಮನ ಉಡಿಕಿ

ಜೂನ್ 3, ಸೋಮವಾರ. ಬೆಳಿಗ್ಗೆ 10

ಶರಣಮ್ಮ ಹತ್ತು ರೊಟ್ಟಿ ಬಡಿದು ಹೋದಳು. ಇವರಿಗೆ ಅಂತ ಒಂದು ಜಾಸ್ತಿ, ಹೇಳದೆಯೇ. ಯಾದಗಿರಿ ಕಡೆಯ ಕೈ. ಹೋದ ವರ್ಷ ನನ್ನ ಭುಜ ಮುರಿದಾಗ ಎರಡು ತಿಂಗಳು ತಲೆ ಬಾಚಿ, ಸೀರೆ ಉಡಿಸಿದ್ದು ಇದೇ ಕೈ.

ಇವತ್ತು ಮನೆಗೆಲಸದವರ ಪೊಲೀಸ್ ವೆರಿಫಿಕೇಶನ್. ನಾನು ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಗೆ ಸೆಕ್ರೆಟರಿಯಾಗಿ ನಾಲ್ಕು ತಿಂಗಳಾಯಿತು. ‘ಮನಿಯೊಳಗ ಆಡಳಿತ ಮಾಡಿ ಸಾಕಾಗಲಿಲ್ಲೇನು?’ ಅಂತಾರೆ ಇವರು. ಇಪ್ಪತ್ತೇಳು ಆಧಾರ್ ಕಾರ್ಡು, ಕಣ್ಣು ಉರಿಯಿತು. ಶರಣಮ್ಮನ ಕಾರ್ಡಿನಲ್ಲಿ ಗಂಡನ ಹೆಸರು ಸಿದ್ದಾರೂಢ. ಫಾರ್ಮಿನಲ್ಲಿ ಬರೆಸಿದ್ದು ತಾಯಪ್ಪ — ಮಾರ್ಕೆಟ್ ಯಾರ್ಡಿನಲ್ಲಿ ಈರುಳ್ಳಿ ಚೀಲ ಹೊರುವವನು. ಗಂಡ ಅಂತ ಅವಳು ಯಾವಾಗಲೂ ಹೇಳುವುದು ಇವನನ್ನೇ.

ಚೇರ್ಮನ್ನರ ಹೆಂಡತಿ ಸುಲಭಾ ಪಕ್ಕದಲ್ಲೇ ಕೂತಿದ್ದಳು. ಅವಳ ಕಣ್ಣಿಗೆ ಬೀಳದೇ ಇರುತ್ತದೆಯೇ! ಎರಡು ಗಂಡಂದಿರಾ ಅಂದಳು. ಭಾನುವಾರ ಮೀಟಿಂಗಿಗೆ ಕರೆದು ಕೇಳೋಣ ಅಂದಳು. ಆಗಲಿ ಅಂದೆ.

ಜೂನ್ 9, ಭಾನುವಾರ. ಮಧ್ಯಾಹ್ನ

ಕ್ಲಬ್‌ಹೌಸ್. ಹದಿನೆಂಟು ಜನ, ಚಹಾ, ಬಿಸ್ಕಿಟ್ಟು. ಶರಣಮ್ಮ ನಿಂತೇ ಇದ್ದಳು. ಕೂರು ಅಂತ ಯಾರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ಮೀಟಿಂಗಿನ ಮಾತೆಲ್ಲ ಮರಾಠಿ, ಅವಳ ಮರಾಠಿ ತರಕಾರಿ ಕೊಳ್ಳುವಷ್ಟು. ಅಲ್ಲಿ ಕನ್ನಡ ಬರುವವಳು ನಾನೊಬ್ಬಳೇ. ನನ್ನ ಮುಖ ನೋಡಿಕೊಂಡೇ ಹೇಳಿದಳು, ಅಂಜದೆ:

‘ಮೊದಲಿನಾಂವ ಬಿಟ್ಟು ಹೋಗಿ ಒಂಬತ್ತು ವರ್ಷ ಆತ್ರೀ ಅಕ್ಕಾರ. ಹಿರ್ಯಾರು ಕುಂತು ಸಂಬಂಧ ಹರಿದು ಸೋಡಚೀಟಿ ಕೊಡಿಸ್ಯಾರ. ಆಮ್ಯಾಲ ತಾಯಪ್ಪನ ಜೋಡಿ ಉಡಿಕಿ ಆಗೀನಿ. ಊರ ಮಂದಿ ಮುಂದ ಸೀರಿ ಉಡಿಸಿ ಕಳಿಸ್ಯಾರ್ರಿ. ಕಾರ್ಡಿನ್ಯಾಗ ಹೆಸರು ಬದಲಿ ಮಾಡಸೋದೊಂದು ಆಗಿಲ್ಲ, ಅಷ್ಟ.’

ಉಡಿಕಿ ನನಗೆ ಗೊತ್ತಿಲ್ಲವೇ? ಧಾರವಾಡದ ಹತ್ತಿರದ ಹಳ್ಳಿಯಲ್ಲಿ ಬೆಳೆದವಳು ನಾನು. ಗಂಡ ಬಿಟ್ಟವರಿಗೆ, ಗಂಡ ಸತ್ತವರಿಗೆ ಹಿರಿಯರೇ ನಿಂತು ಮಾಡುವ ಎರಡನೆಯ ಮದುವೆ. ಮರಾಠಿಯಲ್ಲಿ ಪಾಟ ಅನ್ನುತ್ತಾರೆ. ಅಷ್ಟು ಅಂದಿದ್ದರೆ ಸಾಕಿತ್ತು, ಅಲ್ಲಿದ್ದ ಹಿರಿಯರಿಗೆಲ್ಲ ತಿಳಿಯುತ್ತಿತ್ತು. ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಸುಲಭಾ — ‘ರಂಜನಾತಾಯಿ, ತುಮ್ಚ್ಯಾಕಡೇ ಅಸಂ ಚಾಲತಂ?’ ನಿಮ್ಮ ಕಡೆ ಇದೆಲ್ಲ ನಡೆಯುತ್ತದಾ? ನಗುತ್ತ ಕೇಳಿದಳು. ಎಲ್ಲರೂ ನನ್ನನ್ನೇ ನೋಡಿದರು.

ಛೇ ಛೇ, ನಮ್ಮವರಲ್ಲಿ ಇಲ್ಲ ಅಂದೆ. ಆಮೇಲೆ ಅಂದೆ — ಇವಳದೂ ಅವನದೂ ಲಗ್ನ ಆಗಿಲ್ಲವಂತೆ, ಸುಮ್ಮನೆ ಒಟ್ಟಿಗೆ ಇದ್ದಾರೆ.

ಮಕ್ಕಳಿರುವ ಸೊಸೈಟಿ, ಸಂಸ್ಕಾರ, ಅದು ಇದು ಅಂತ ಹತ್ತು ನಿಮಿಷ ಮಾತಾಯಿತು. ಗೇಟ್ ಪಾಸ್ ರದ್ದು. ಆರು ಮನೆಯ ಕೆಲಸ ಹೋಯಿತು. ಕೈ ಎತ್ತಿದವರಲ್ಲಿ ನಾನೂ ಇದ್ದೆ.

‘ಏನಂದ್ರೀ ಅಕ್ಕಾರ?’

‘ಆಮ್ಯಾಲ ಹೇಳ್ತೀನಿ. ನೀ ಈಗ ಹೋಗು.’

ಜೂನ್ 12

ರೊಟ್ಟಿ ಬಡಿದೆ. ಹರಿದವು. ಇವರು ಹರಿದದ್ದನ್ನೇ ತಿಂದರು.

ಜೂನ್ 13

ಇವರಿಗೆ ಎಲ್ಲ ಹೇಳಿದೆ. ಪೇಪರ್ ಮಡಚಿಟ್ಟರು.

‘ನಿನಗ ಗೊತ್ತಿತ್ತಲ್ಲ?’

‘ಗೊತ್ತಿತ್ತು.’

‘ಮತ್ತ?’

ಮತ್ತೇನು... ಎದ್ದು ಹೋಗಿ ಹಾಲು ಕಾಯಿಸಿದೆ. ಆಗಲೇ ಕಾಯಿಸಿಟ್ಟಿದ್ದ ಹಾಲು.

ಜೂನ್ 22, ಶನಿವಾರ

ಕೊನೆಗೂ ಹೋಗಿ ಬಂದೆ. ಮಾರ್ಕೆಟ್ ಯಾರ್ಡಿನ ಹಿಂದೆ, ತಗಡಿನ ಮನೆ. ‘ಬರ್ರಿ ಅಕ್ಕಾರ’ ಅಂದಳು. ಇದ್ದ ಒಂದೇ ಕುರ್ಚಿ ಸೆರಗಿನಿಂದ ಒರೆಸಿ ಕೊಟ್ಟಳು. ನೆಲ ಬಾಯಿ ಬಿಡಬಾರದೇ ಅನಿಸಿತು. ನಾನು ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಅವಳಿಗೆ ಆಗಲೇ ಗೊತ್ತಿತ್ತು.

‘ಕೆಲಸ ಎಲ್ಲೆರೆ ಸಿಗತಾವ್ರಿ. ನಿಮ್ಮ ಸೊಸೈಟಿಗೆ ಬರೋ ನಾಕು ಹೆಣ್ಮಕ್ಕಳು ಈ ಗಲ್ಲಿಯಾಗ ಅದಾರ. ನಳದ ಮುಂದ ನನಗ ಇಟ್ಕೊಂಡಾಕಿ ಅಂತಾರ. ಇವನ ಮುಂದನ ಅಂತಾರ್ರಿ.’

ತಾಯಪ್ಪ ಹೊಸ್ತಿಲ ಮೇಲೆ ಕೂತಿದ್ದ. ತಲೆ ಎತ್ತಲಿಲ್ಲ.

ದುಡ್ಡಿನ ಕವರ್ ಒಯ್ದಿದ್ದೆ. ಹೊರಗೆ ತೆಗೆಯುವ ಧೈರ್ಯ ಆಗಲಿಲ್ಲ.

‘ನೀವಂದ ಮಾತು ನೀವ ತಿರುಗಿ ತಗೋಬೇಕ್ರಿ ಅಕ್ಕಾರ. ಅಲ್ಲೇ, ಆ ಮಂದಿ ಮುಂದನ, ಮರಾಠಿಯಾಗ. ನಾವಿಬ್ಬರೂ ಬಂದು ನಿಂದರ್ತೀವಿ. ಮತ್ತೇನೂ ಬ್ಯಾಡ.’

ಖಂಡಿತ ಅಂದೆ. ಮೂವತ್ತನೇ ತಾರೀಖು ಮೀಟಿಂಗಿದೆ, ಹನ್ನೊಂದಕ್ಕೆ ಬನ್ನಿ ಅಂದೆ. ನಾನೇ ಕರೆದೆ.

ರಿಕ್ಷಾದಲ್ಲಿ ಅತ್ತುಬಿಟ್ಟೆ. ಕಳ್ಳತನ ಮಾಡಿದ್ದರೆ ಕ್ಷಮೆ ಕೇಳುವುದು ಸುಲಭ ಇತ್ತು. ನಾನು ಮಾಡಿದ್ದು ಹದಿನೆಂಟು ಜನ ಒಳ್ಳೆಯದು ಅಂದ ಕೆಲಸ. ನಾನು ಮರ್ಯಾದಸ್ಥಳು ಅನಿಸಿಕೊಳ್ಳಲು ಒಬ್ಬಳ ಮರ್ಯಾದೆ ಕೊಟ್ಟುಬಿಟ್ಟೆ. ಅದೂ ನನ್ನದಲ್ಲದ್ದು.

ಜೂನ್ 29

ನಾಲ್ಕು ಸಾಲು ಮರಾಠಿಯಲ್ಲಿ ಬರೆದುಕೊಂಡೆ. ಕನ್ನಡಿಯ ಮುಂದೆ ಮೂರು ಸಲ ಹೇಳಿದೆ. ಕಷ್ಟವೇನಿಲ್ಲ. ಎರಡು ನಿಮಿಷದ ಕೆಲಸ.

ಜೂನ್ 30, ಭಾನುವಾರ. ಸಂಜೆ 5

ಬರೆಯಲೇಬೇಕು. ಇಲ್ಲದಿದ್ದರೆ ನಾಳೆ ನನಗೇ ಬೇರೆ ಥರ ಹೇಳಿಕೊಳ್ಳುತ್ತೇನೆ.

ಮೊದಲು ಟ್ಯಾಂಕರ್, ಆಮೇಲೆ ಪಾರ್ಕಿಂಗ್. ಚೀಟಿ ಕೈಯಲ್ಲೇ ಇತ್ತು. ಇನ್ನೇನು ಎದ್ದು ನಿಲ್ಲಬೇಕು, ಅಷ್ಟರಲ್ಲಿ ಸುಲಭಾ ಶುರು ಮಾಡಿದಳು — ಆ ಕೆಲಸದವಳ ವಿಷಯ ರಂಜನಾತಾಯಿ ಎಷ್ಟು ಚೆನ್ನಾಗಿ ನಿಭಾಯಿಸಿದರು, ತಮ್ಮ ಭಾಷೆಯವಳು ಅಂತಲೂ ನೋಡಲಿಲ್ಲ. ಚಪ್ಪಾಳೆ! ಎಲ್ಲರೂ ತಟ್ಟಿದರು.

ಅದೇ ಹೊತ್ತಿಗೆ ನನ್ನ ಫೋನು. ಗೇಟಿನಿಂದ ವಾಚ್‌ಮನ್. ಶರಣಮ್ಮ ಬಂದಿದ್ದಾಳೆ, ಜೊತೆಗೆ ಗಂಡನೂ ಇದ್ದಾನೆ, ನೀವೇ ಕರೆದಿರಂತೆ, ಒಳಗೆ ಬಿಡಲಾ? ಗಂಡ ಅಂದ ಅವನು. ಅವನಿಗೆ ಅನುಮಾನ ಇರಲಿಲ್ಲ.

ಯಾರು ಅಂತ ಸುಲಭಾ ಹುಬ್ಬು ಏರಿಸಿದಳು.

‘ಮೀ ನಾಹೀ ಬೋಲಾವಲಂ’ ಅಂದೆ. ನಾನು ಕರೆದಿಲ್ಲ. ಗಟ್ಟಿಯಾಗಿ ಅಂದೆ, ಕೋಣೆಗೆಲ್ಲ ಕೇಳುವ ಹಾಗೆ. ಫೋನ್ ಕಿವಿಯಲ್ಲೇ ಇತ್ತು, ಗೇಟಿನಲ್ಲೂ ಕೇಳಿರುತ್ತದೆ. ಅಷ್ಟು ಮರಾಠಿ ಶರಣಮ್ಮನಿಗೆ ಬರುತ್ತದೆ.

ಫೋನ್ ಇಟ್ಟ ಮೇಲೆ ಹಾಯೆನಿಸಿತು. ಅದನ್ನೂ ಬರೆಯುತ್ತೇನೆ. ಹಾಯೆನಿಸಿತು. ಕಿಟಕಿಯಿಂದ ನೋಡಿದೆ. ಶರಣಮ್ಮ ಇಳಕಲ್ ಸೀರೆ ಉಟ್ಟುಕೊಂಡು ಬಂದಿದ್ದಳು. ತಾಯಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿದ್ದ. ಐದು ನಿಮಿಷ ಅಲ್ಲೇ ನಿಂತಿದ್ದರು, ಮತ್ತೆ ಕರೆ ಬಂದೀತು ಅಂತ ಇರಬೇಕು. ಆಮೇಲೆ ಹೋದರು.

ಮನೆಗೆ ಬಂದೆ. ಇವರು ಬಾಗಿಲಲ್ಲೇ ಕಾಯುತ್ತಿದ್ದರು.

‘ಹೇಳಿದೇನು?’

‘ಹ್ಞೂಂ, ಹೇಳಿದೆ.’

ಇವರ ಕಣ್ಣಲ್ಲಿ ನೀರು ಬಂತು. ‘ಭಾಳ ಚಲೋ ಕೆಲಸ ಮಾಡಿದಿ’ ಅಂದರು. ತಲೆ ಮೇಲೆ ಕೈ ಇಟ್ಟರು. ನಾನು ಆ ಕೈ ಸರಿಸಲಿಲ್ಲ.